ಅಡಿಕೆ ಸುಲಿಯುವವರು ಅರ್ಧಕ್ಕೇ ಬಿಟ್ಟುಹೋಗುತ್ತಾರೆ, ಅಡಿಕೆಗೂ ಕತ್ತಿ ಗಾಯ. ಕೆಲಸ ನಿಭಾಯಿಸುವುದು ಹೇಗೆ?

ಜಗಳ ಹೆಚ್ಚಾಗಿ ಕೂಲಿ ದರದ್ದಲ್ಲ, ಅಳತೆಯದ್ದು. ತೀರ್ಥಹಳ್ಳಿ, ಸಾಗರದ ಕಡೆ ಡಬ್ಬದ ಲೆಕ್ಕದಲ್ಲಿ (ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಟ್ಟು) ಸುಲಿಸುವುದಾದರೆ, ಯಾವ ಡಬ್ಬ, ಅಂಚಿಗೆ ಸಮವೋ ರಾಶಿಯೋ ಎಂಬುದನ್ನು ಕೊಯ್ಲಿಗೆ ಮೊದಲೇ ಎಲ್ಲರೆದುರು ತೀರ್ಮಾನಿಸಿ. ಅಳೆಯುವಾಗ ಸುಲಿದವರು ಎದುರಿಗಿರಲಿ. ಅವರ ಪುಸ್ತಕದಲ್ಲೂ ನಿಮ್ಮದರಲ್ಲೂ ಆಗಲೇ ಬರೆಯಿರಿ. ಮುಂಗಡ ಕೊಟ್ಟಿದ್ದರೆ ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತೀರೆಂದು ಮೊದಲೇ ಹೇಳಿ. ಒಂದೇ ಬಟವಾಡೆಯಲ್ಲಿ ಪೂರ್ತಿ ಹಿಡಿದರೆ ಮರುದಿನ ಯಾರೂ ಬರುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಡಬ್ಬದ ಲೆಕ್ಕದಲ್ಲಿ ದುಡ್ಡು ಸಿಗುವುದು ವೇಗಕ್ಕೆ ಮಾತ್ರ, ಹಾಗಾಗಿ ಅಡಿಕೆಗೆ ಕತ್ತಿ ತಾಗುತ್ತದೆ. ಬೈಯುವ ಮೊದಲು ಮೆಟ್ಟುಗತ್ತಿಯ (ಮಣೆಗೆ ಕೂರಿಸಿದ ಸುಲಿಯುವ ಕತ್ತಿಯ) ಹರಿತ, ಕೂರುವ ಜಾಗದ ಬೆಳಕು ನೋಡಿ. ಗೋಟಿಗೆ (ಸಿಪ್ಪೆ ಸಮೇತ ಒಣಗಿಸುವುದಕ್ಕೆ) ಹೋಗುವ ಹಣ್ಣಡಿಕೆಯನ್ನು ಬೇರೆಯವರಿಂದ ಆರಿಸಿ ತೆಗೆಸಿಡಿ. ಆ ಕೆಲಸವನ್ನೂ ಸುಲಿಯುವವರಿಗೇ ಹೊರಿಸಿದರೆ ಅವರಿಗೆ ಕೂಲಿಯಿಲ್ಲದ ದುಡಿಮೆ. ಆಮೇಲೂ ಗಾಯವಾಗುತ್ತಿದ್ದರೆ ಆ ಒಬ್ಬರನ್ನೇ ಪಕ್ಕಕ್ಕೆ ಕರೆದು, ಅವರದೇ ಬುಟ್ಟಿಯ ಅಡಿಕೆ ತೋರಿಸಿ ಹೇಳಿ. ದಿನದ ಸುಲಿತಕ್ಕೂ ಬೇಯಿಸುವ ಹಂಡೆಗೂ ಹೊಂದುವಷ್ಟನ್ನೇ ಕೊಯ್ಯಿಸಿ. ಸುಲಿದದ್ದನ್ನು ತಡಮಾಡದೆ ಬೇಯಿಸಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. ಕೊಯ್ಲು ಮಿತಿಮೀರಿದರೆ ನಡುರಾತ್ರಿವರೆಗೆ ಸುಲಿಸಬೇಕಾಗುತ್ತದೆ, ಬೆರಳು ಕೊಯ್ದುಕೊಳ್ಳುವುದು ಆಗಲೇ.