ಬೋಟ್ ಇಂಜಿನ್ ಸಿಲಿಂಡರಿಗೆ ರಾತ್ರೋರಾತ್ರಿ ನೀರು ಬರುತ್ತಿದೆ, ಹೆಡ್ ಗ್ಯಾಸ್ಕೆಟ್ ಬದಲಾಯಿಸಿದರೂ ನಿಂತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕನ್ನಂಬಾಡಿ ಹಿನ್ನೀರಿನಲ್ಲಿ ಪರವಾನಗಿ ತಗೊಂಡು ಓಡಿಸುವ ಹಳೇ ಫೈಬರ್ ಬೋಟು, ಒಳಗೇ ಕೂರಿಸಿರುವ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ಸಂಜೆ ಚೆನ್ನಾಗಿ ಓಡಿ ನಿಲ್ಲುತ್ತೆ. ಎರಡು ದಿನ ಬಿಟ್ಟು ಸೆಲ್ಫ್ ಹೊಡೆದರೆ ‘ಟಕ್’ ಅಂತ ಕಚ್ಚಿಕೊಳ್ಳುತ್ತೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿದಾಗ ಒಂದು ಸಲ ಮೂರನೇ ಸಿಲಿಂಡರಿನಲ್ಲಿ ನೀರು, ಇನ್ನೊಂದು ಸಲ ಒಂದನೆಯದರಲ್ಲಿ. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮೇಲಿನ ಮುಚ್ಚಳವಾದ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಎರಡು ಸಲ ಹಾಕಿಸಿದ್ದಾಯಿತು, ಈಗ ಬ್ಲಾಕೇ ಬಿರುಕು ಬಿಟ್ಟಿದೆ, ಗುಜರಿಗೆ ಹಾಕಿ ಅಂತಿದ್ದಾರೆ.

ದಯವಿಟ್ಟು ಗುಜರಿಗೆ ಹಾಕಬೇಡಿ. ನೀವು ಬರೆದಿರೋದರಲ್ಲೇ ಬಹುಪಾಲು ಉತ್ತರ ಇದೆ.

ನಾನು ಮಂಡ್ಯದಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುವವನು. ಅದಕ್ಕೆ ಮೊದಲು ಒಂಬತ್ತು ವರ್ಷ ಮಂಗಳೂರು ದಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ, ಬೋಟ್ ಇಂಜಿನ್ ಕೆಲಸ ಮಾಡಿದ್ದೇನೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಸಿಲಿಂಡರಿನಲ್ಲಿ ನೀರು ಕಂಡ ಕೂಡಲೇ ಹೆಡ್ ಬಿಚ್ಚುವುದು ತಪ್ಪಲ್ಲ. ಟ್ರ್ಯಾಕ್ಟರ್ ಸೈಲೆನ್ಸರಿನಲ್ಲಿ ಹೊಗೆ ಬಿಟ್ಟರೆ ಬೇರೇನೂ ಓಡಾಡೋದಿಲ್ಲ, ಹಾಗಾಗಿ ನೀರು ಬಂದರೆ ಹೆಡ್ಡಿನಿಂದಲೇ ಬರಬೇಕು. ನಿಮ್ಮಂಥ ಬೋಟಿನಲ್ಲಿ ಹಾಗಲ್ಲ. ಹೊಗೆ ಪೈಪು ಸುಡದಿರಲಿ ಅಂತ, ಇಂಜಿನ್ ತಣ್ಣಗೆ ಮಾಡಿ ಬಂದ ಕೆರೆ ನೀರನ್ನು ಮ್ಯಾನಿಫೋಲ್ಡ್ (ಎಲ್ಲಾ ಸಿಲಿಂಡರಿನ ಹೊಗೆ ಸೇರುವ ಕೊಳವೆ) ಆದ ಮೇಲೆ ಬರುವ ಎಲ್ಬೋದಲ್ಲಿ, ಅಂದರೆ ಬಾಗಿದ ಪೈಪಿನಲ್ಲಿ, ಹೊಗೆಯೊಳಕ್ಕೇ ಬಿಡುತ್ತಾರೆ. ಎಗ್ಸಾಸ್ಟ್ ವಾಲ್ವಿನಿಂದ ಆ ನೀರಿಗೆ ಒಂದು ಗೇಣು ದೂರ ಇದ್ದರೆ ಹೆಚ್ಚು. ಅದು ಹಿಂದಕ್ಕೆ ಬಂದರೆ ನೇರ ಪಿಸ್ಟನ್ ತಲೆ ಮೇಲೆ.

ಈಗ ನೀವೇ ಕೊಟ್ಟ ಸುಳಿವು ನೋಡಿ: ನೀರು ಸಿಲಿಂಡರ್ ಬದಲಾಯಿಸುತ್ತಿದೆ. ಗ್ಯಾಸ್ಕೆಟ್ ಸುಟ್ಟಿದ್ದರೆ, ಬ್ಲಾಕ್ ಬಿರುಕು ಬಿಟ್ಟಿದ್ದರೆ ಪ್ರತಿ ಸಲವೂ ಅದೇ ಸಿಲಿಂಡರಿನಲ್ಲಿ ನೀರು ಸಿಗಬೇಕು. ಸೈಲೆನ್ಸರ್ ಕಡೆಯಿಂದ ಬರುವ ನೀರು ಮಾತ್ರ, ಇಂಜಿನ್ ನಿಂತಾಗ ಯಾವ ಸಿಲಿಂಡರಿನ ಎಗ್ಸಾಸ್ಟ್ ವಾಲ್ವ್ ತೆರೆದಿತ್ತೋ ಅದರೊಳಕ್ಕೆ ಇಳಿಯುತ್ತೆ. ಇನ್ನೂ ಒಂದು ಖಾತ್ರಿ ಬೇಕಾದರೆ ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಮಟ್ಟ ಇಳಿದಿಲ್ಲ, ನಾಜಲ್ ತೂತಿನಿಂದ ಬಂದದ್ದು ಹಸಿರು ಕೂಲೆಂಟ್ ಅಲ್ಲ, ಬರೀ ಕೆರೆ ನೀರು ಅಂದರೆ ಹೆಡ್ಡಿನ ತಂಟೆಗೆ ಹೋಗಲೇಬೇಡಿ.

ನಿಂತಾಗ ಬರುವ ನೀರಿಗೆ ನನ್ನ ಮೊದಲ ಅನುಮಾನ ಸೈಫನ್. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಏರಿ ಮೇಲೆ ಪೈಪು ಹಾಯಿಸಿ ಒಂದು ಸಲ ನೀರು ತುಂಬಿಸಿಬಿಟ್ಟರೆ ಸಾಕು, ಮೋಟರಿಲ್ಲದೆ ಆ ಕಡೆಯ ತಗ್ಗಿಗೆ ಹರಿಯುತ್ತಲೇ ಇರುತ್ತೆ, ಪೈಪಿನೊಳಕ್ಕೆ ಗಾಳಿ ಹೋಗುವ ತನಕ. ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಹೆಚ್ಚಾದ ನೀರು ತಾನೇ ಹೊರಗೆ ಹೋಗುವುದೂ ಇದೇ ಸೈಫನ್ನಿನಿಂದ. ನಿಮ್ಮ ಬೋಟಿನಲ್ಲಿ ಇಂಜಿನ್ ಕೂತಿರುವುದು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ. ಇಂಜಿನ್ ನಿಂತ ಮೇಲೂ ಪಂಪಿನ ರಬ್ಬರ್ ಇಂಪೆಲ್ಲರಿನ ಸಂದಿಯಿಂದ ನೀರು ಜಾರಿ, ಎಲ್ಬೋಗೆ ಬಂದು, ಸೈಲೆನ್ಸರ್ ಡಬ್ಬಿ ತುಂಬಿಸಿ, ಕೊನೆಗೆ ಮ್ಯಾನಿಫೋಲ್ಡಿಗೆ ಏರುತ್ತೆ. ಬೇಸಿಗೆಯಲ್ಲಿ ನೀರು ಇಳಿದು ಕೆಸರು ಎಳೆದಿದ್ದರೆ ಇಂಪೆಲ್ಲರ್ ಇನ್ನೂ ಬೇಗ ಸವೆದಿರುತ್ತೆ.

ಎಲ್ಬೋದಲ್ಲಿ ನೀರು ಒಳಗೆ ಬೀಳುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲಿರಬೇಕು. ಅಳೆಯುವಾಗ ಖಾಲಿ ಬೋಟಿನಲ್ಲಿ ಅಳೆಯಬೇಡಿ, ಜನ ಕೂರಿಸಿ, ಡೀಸೆಲ್ ತುಂಬಿಸಿ ಅಳೆಯಿರಿ. ಹಿಂಭಾಗ ನಾಲ್ಕು ಬೆರಳು ಕೂತರೂ ಲೆಕ್ಕ ತಪ್ಪುತ್ತೆ. ಅಷ್ಟು ಎತ್ತರ ಇಲ್ಲದಿದ್ದರೆ, ಎಲ್ಬೋಗೆ ಹೋಗುವ ಹೋಸನ್ನು ನೀರಿನ ಮಟ್ಟದಿಂದ ಒಂದಡಿ ಮೇಲಕ್ಕೆ ಎತ್ತಿ ಬಗ್ಗಿಸಿ, ಅದರ ನೆತ್ತಿಯಲ್ಲಿ ಆಂಟಿ ಸೈಫನ್ ವಾಲ್ವ್ ಹಾಕಬೇಕು. ಏರಿ ಮೇಲಿನ ಪೈಪಿಗೆ ತೂತು ಹೊಡೆದ ಹಾಗೆ ಅದು, ನಿಂತ ಕೂಡಲೇ ಗಾಳಿ ಎಳೆದುಕೊಂಡು ಹರಿವನ್ನು ಕಡಿಯುತ್ತೆ. ಈಗಾಗಲೇ ಇದ್ದರೆ ಬಿಚ್ಚಿ ಬಾಯಿಂದ ಊದಿ ನೋಡಿ. ಗಾಳಿ ಒಳಗೆ ಹೋಗಬೇಕು, ವಾಪಸ್ ಬರಬಾರದು. ಪಾಚಿ ಒಣಗಿ ಅಂಟಿಕೊಂಡಿದ್ದರೆ ವಾಲ್ವ್ ಇದ್ದೂ ಇಲ್ಲದ ಹಾಗೆ.

ಕಣ್ಣಾರೆ ನೋಡಬೇಕಾ? ಇಂಜಿನ್ ಒಂದಷ್ಟು ಹೊತ್ತು ಓಡಿಸಿ ನಿಲ್ಲಿಸಿ, ಎಲ್ಬೋದ ಹೋಸ್ ಬಿಚ್ಚಿ ಅದೇ ಎತ್ತರದಲ್ಲಿ ಬಕೆಟ್ಟಿನ ಮೇಲೆ ಹಿಡಿಯಿರಿ. ಅರ್ಧ ನಿಮಿಷ ಆದ ಮೇಲೂ ಸಣ್ಣಗೆ ನೂಲಿನ ಹಾಗೆ ಸುರಿಯುತ್ತಿದ್ದರೆ ಕಳ್ಳ ಸಿಕ್ಕ. ಬಿಟ್ಟು ಮಾತ್ರ ಹೋಗಬೇಡಿ, ಬೋಟೇ ತುಂಬುತ್ತೆ.

ಹೋಸ್ ಹೇಗೂ ಬಿಚ್ಚಿರುತ್ತೀರಿ, ಎಲ್ಬೋದ ಬೋಲ್ಟುಗಳನ್ನೂ ತೆಗೆದು ಮ್ಯಾನಿಫೋಲ್ಡಿನೊಳಕ್ಕೆ ಟಾರ್ಚ್ ಬಿಡಿ. ಒಣಗಿದ ಕಪ್ಪು ಮಸಿ ಇದ್ದರೆ ಒಳ್ಳೆಯದು. ಮಸಿ ಮೇಲೆ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ನೀರು ನಡೆದ ದಾರಿ ಅದೇ. ಎಲ್ಬೋ ಎರಡು ಪದರದ್ದು, ಒಳಗೆ ಹೊಗೆ, ಸುತ್ತ ನೀರು. ನೀರಿನ ಪದರದ ಬಾಯಿಗಳನ್ನು ಮುಚ್ಚಿ, ಆ ಪದರಕ್ಕೆ ನೀರು ತುಂಬಿ ಒಂದು ಗಂಟೆ ಇಡಿ. ಹೊಗೆ ಕಡೆ ಗೋಡೆ ಬೆವೆತರೂ ಸಾಕು, ಎಲ್ಬೋ ಬದಲಾಯಿಸಿ. ಬೆಸುಗೆ ಹಾಕಿಸಬೇಡಿ, ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತೆ.

ಇನ್ನೊಂದು ಕಾರಣವನ್ನು ನಾನು ಪಾಠ ಕಲಿತ ರೀತಿಯಲ್ಲೇ ಹೇಳುತ್ತೇನೆ. ದಕ್ಕೆಯಲ್ಲಿ ಡೀಸೆಲ್ ಲೈನಿಗೆ ಗಾಳಿ ಹೊಕ್ಕ ಒಂದು ಇಂಜಿನ್ನಿಗೆ ಬಿಟ್ಟು ಬಿಟ್ಟು ಹತ್ತು ಹದಿನೈದು ಸಲ ಸೆಲ್ಫ್ ಹೊಡೆದೆ. ಸೆಲ್ಫ್ ತಿರುಗಿದಷ್ಟೂ ಪಂಪು ನೀರು ತಳ್ಳುತ್ತೆ, ಆ ನೀರನ್ನು ಡಬ್ಬಿಯಿಂದ ಹೊರಗೆ ನೂಕಲು ಹೊಗೆಯ ಬಲ ಇಲ್ಲ. ಡಬ್ಬಿ ತುಂಬಿ ಹಿಂದಕ್ಕೆ ಬಂತು. ಹದಿನಾರನೇ ಸಲಕ್ಕೆ ಕನೆಕ್ಟಿಂಗ್ ರಾಡ್ ಬಗ್ಗಿತು. ಅರ್ಧ ಲೀಟರಿನ ಸಿಲಿಂಡರಿಗೆ 18ಕ್ಕೆ 1 ಕಂಪ್ರೆಷನ್ ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಹತ್ತಿರ ಹತ್ತಿರ 30 ಮಿ.ಲೀ., ದೊಡ್ಡ ಚಮಚದಲ್ಲಿ ಎರಡು. ನೀರು ಕುಗ್ಗೋದಿಲ್ಲ, ಕಬ್ಬಿಣ ಬಗ್ಗುತ್ತೆ. ಎರಡು ಸಲಕ್ಕೆ ಸ್ಟಾರ್ಟ್ ಆಗದಿದ್ದರೆ ಕೆರೆ ನೀರು ಒಳಕ್ಕೆ ಬರುವ ಬೋಟಿನ ತಳದ ವಾಲ್ವ್ ಮುಚ್ಚಿ ಸೆಲ್ಫ್ ಹೊಡೆಯಿರಿ, ಸ್ಟಾರ್ಟ್ ಆದ ಕ್ಷಣ ತೆರೆಯಿರಿ.

ಓಡುತ್ತಿರುವಾಗಲೇ ನೀರು ಹಿಂದಕ್ಕೆ ಎಳೆಯುವ ಕಾಯಿಲೆಯೂ ಇದೆ. ಅದು ಹೆಚ್ಚಾಗಿ ಪೆಟ್ರೋಲ್ ಇಂಜಿನ್ನಿನದು: ಜೋರಾಗಿ ಓಡಲಿ ಅಂತ ರೇಸಿನ ಕ್ಯಾಮ್ ಹಾಕಿಸಿದರೆ ಎರಡು ವಾಲ್ವೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿ, ಸ್ಲೋನಲ್ಲಿ ಸಿಲಿಂಡರ್ ಎಗ್ಸಾಸ್ಟನ್ನೇ ಉಸಿರಾಡಲು ಶುರು ಮಾಡುತ್ತೆ. ನಿಮ್ಮದು ಅದಲ್ಲ. ಹಿಂಬದಿ ಅಲೆ ಹೊಡೆದು ನುಗ್ಗದ ಹಾಗೆ ಹೊಗೆ ಬಾಯಿಗೆ ರಬ್ಬರ್ ಫ್ಲಾಪ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಈಗ ಕಚ್ಚಿಕೊಂಡಿರುವ ಇಂಜಿನ್ನಿಗೆ ಇನ್ನೊಂದು ಸೆಲ್ಫ್ ಬೇಡ. ನಾಲ್ಕೂ ನಾಜಲ್ ಬಿಚ್ಚಿ, ತೂತುಗಳ ಮೇಲೆ ಬಟ್ಟೆ ಹಾಕಿ, ಮುಂದಿನ ಪುಲ್ಲಿಗೆ ಪಾನಾ ಕೊಟ್ಟು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಆಮೇಲೆ ಚಿಕ್ಕದಾಗಿ ಸೆಲ್ಫ್ ಹೊಡೆದು ಉಳಿದ ನೀರು ಹಾರಿಸಿ, ಒಂದೊಂದಕ್ಕೂ ಒಂದು ಚಮಚ ಆಯಿಲ್ ಬಿಡಿ. ಆಯಿಲ್ ಕಡ್ಡಿ ಎಳೆದಾಗ ಕಾಫಿಗೆ ಹಾಲು ಬೆರೆಸಿದ ಬಣ್ಣ ಕಂಡರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ, ಬಿಸಿ ಆಗುವ ತನಕ ಓಡಿಸಿ, ಮತ್ತೆ ಬದಲಾಯಿಸಿ. ನಾಳೆಗೆ ಅಂತ ಇಡಬೇಡಿ, ಸಿಲಿಂಡರಿನ ಒಳಗೋಡೆ (ಲೈನರ್) ಬೇಗ ತುಕ್ಕು ಹಿಡಿಯುತ್ತೆ.

ಇಷ್ಟಾದ ಮೇಲೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆ. ಒಂದು ವಾರ, ಪ್ರತಿ ಸಲ ಇಂಜಿನ್ ನಿಲ್ಲಿಸಿದ ಕೂಡಲೇ ತಳದ ವಾಲ್ವ್ ಮುಚ್ಚಿ. ಸ್ಟಾರ್ಟ್ ಮಾಡುವಾಗ ತೆರೆಯಲು ಮರೆತರೆ ಇಂಪೆಲ್ಲರ್ ಸುಟ್ಟುಹೋಗುತ್ತೆ, ಅದಕ್ಕೆ ಬೋಟಿನ ಕೀಯನ್ನು ಆ ವಾಲ್ವಿನ ಹಿಡಿಗೇ ದಾರ ಕಟ್ಟಿ ನೇತುಹಾಕಿ. ವಾರ ಪೂರ್ತಿ ಸಿಲಿಂಡರ್ ಒಣಗಿದ್ದರೆ ಸೈಫನ್ನೇ. ಒಣಗಿಲ್ಲದಿದ್ದರೆ ಎಲ್ಬೋದ ಫೋಟೋ, ನೀರಿನ ಮಟ್ಟದಿಂದ ಅದರ ಎತ್ತರ ಎರಡನ್ನೂ ಇಲ್ಲಿ ಹಾಕಿ, ನೋಡುತ್ತೇನೆ.