ಹಳೇ ಪಿಕಪ್‌ನಲ್ಲಿ ಚಾರ್ಜಿಂಗ್ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ: ಎಲ್ಲಿಂದ ಹುಡುಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಹಳೇ ಡೀಸೆಲ್ ಪಿಕಪ್, 12 ವೋಲ್ಟ್ ಬ್ಯಾಟರಿ ಹೊಸದು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸಿ ಟೆಸ್ಟ್ ಮಾಡಿಸಿದಾಗ ಸರಿಯಾಗಿದೆ ಅಂದರು. ಆದರೂ ವಾರಕ್ಕೆ ಒಂದೆರಡು ದಿನ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಎಂಜಿನ್ ಓಡುವಾಗ ಮೀಟರ್ ಇಟ್ಟರೆ ಒಮ್ಮೆ 14.2 ವೋಲ್ಟ್ ತೋರಿಸುತ್ತದೆ, ಅಂದರೆ ಚಾರ್ಜಿಂಗ್ ಇದೆ. ಒಮ್ಮೆ 12.3, ಅಂದರೆ ಇಲ್ಲ. ಬೇರೆ ಆಲ್ಟರ್ನೇಟರ್ ಹಾಕಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಅದೇ ಕೆಲಸ ಮಾಡಿ ದುಡ್ಡು ಕಳೆದುಕೊಂಡವನು. ನನ್ನ ಪಿಕಪ್‌ಗೆ ಮೊದಲು ಬ್ಯಾಟರಿ ಬದಲಾಯಿಸಿದೆ, ಆಮೇಲೆ ಆಲ್ಟರ್ನೇಟರ್. ಎರಡು ವಾರ ನೆಟ್ಟಗಿತ್ತು, ಮತ್ತೆ ಅದೇ ರಾಗ. ಆ ಎರಡು ವಾರ ಯಾಕೆ ಸರಿ ಇತ್ತು ಅನ್ನೋದು ತುಂಬಾ ತಡವಾಗಿ ಹೊಳೆಯಿತು. ಬಿಚ್ಚಿ ಕಟ್ಟುವಾಗ ವೈರು ಅಲುಗಾಡಿತ್ತು, ಅಷ್ಟೇ. ರಿಪೇರಿ ಅಂತ ಏನೂ ಆಗಿರಲಿಲ್ಲ.

ಡಾಕ್ಟರ ಹತ್ತಿರ ಹೋದ ಕೂಡಲೇ ಹಲ್ಲುನೋವು ಮಾಯವಾಗುತ್ತಲ್ಲ, ಇಂಥ ಗಾಡಿಯೂ ಹಾಗೇ. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದರೆ ಎಲ್ಲಾ ಸರಿ ಇರುತ್ತದೆ. ತೊಂದರೆ ಇರುವಾಗಲೇ ಅಳೆಯಬೇಕು. ಲೈಟರ್ ಸಾಕೆಟ್‌ಗೆ ಚುಚ್ಚುವ ಚಿಕ್ಕ ವೋಲ್ಟ್‌ಮೀಟರ್ ಸಿಗುತ್ತದೆ, ಒಂದು ಹಾಕಿಕೊಳ್ಳಿ. ಬ್ಯಾಟರಿ ಮೇಲೆ ನೇರವಾಗಿ ಅಳೆದದ್ದಕ್ಕಿಂತ ಸ್ವಲ್ಪ ಕಡಿಮೆ ತೋರಿಸಬಹುದು, ಪರವಾಗಿಲ್ಲ. ನಮಗೆ ಬೇಕಿರುವುದು ಅದು ಯಾವಾಗ ಬೀಳುತ್ತದೆ ಅನ್ನೋದು. ಹೊಂಡ ಹಾರಿದಾಗ ಬಿದ್ದರೆ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದೆ. ಅರ್ಧ ಗಂಟೆ ಓಡಿ ಎಂಜಿನ್ ಕಾದ ಮೇಲೆ ಬಿದ್ದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ. ಮಳೆಯಲ್ಲಿ ಕಿರ್ ಅಂತ ಸದ್ದು ಮಾಡಿ ಬಿದ್ದರೆ ಬೆಲ್ಟ್ ಜಾರುತ್ತಿದೆ. ಒಂದು ವಾರ ಸುಮ್ನೆ ಗಮನಿಸಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಸುಳಿವು ನಿಮ್ಮ ಕಣ್ಣೆದುರೇ ಇದೆ. ಮೀಟರ್ ಬೋರ್ಡಿನ ಬ್ಯಾಟರಿ ಲೈಟ್. ಹಳೇ ಗಾಡಿಗಳಲ್ಲಿ ಈ ಬಲ್ಬಿನ ಒಂದು ತುದಿಗೆ ಕೀ ತಿರುಗಿಸಿದಾಗ ಬ್ಯಾಟರಿ ಕರೆಂಟ್ ಬರುತ್ತದೆ, ಇನ್ನೊಂದು ತುದಿ ಆಲ್ಟರ್ನೇಟರ್‌ಗೆ ಹೋಗುತ್ತದೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ಬಲ್ಬ್ ಆರುತ್ತದೆ, ವ್ಯತ್ಯಾಸ ಇದ್ದರೆ ಉರಿಯುತ್ತದೆ. ಎಂಜಿನ್ ಓಡುವಾಗ ಪೂರ್ತಿ ಉರಿದರೆ ಆಲ್ಟರ್ನೇಟರ್ ಏನೂ ಕೊಡುತ್ತಿಲ್ಲ ಅಂತ ಅರ್ಥ. ಕೀ ಆನ್ ಮಾಡಿದಾಗಲೂ ಉರಿಯದಿದ್ದರೆ ಬಲ್ಬೋ ವೈರೋ ಹೋಗಿದೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಆಲ್ಟರ್ನೇಟರ್ ಎಚ್ಚರವಾಗಲು ಬೇಕಾದ ಮೊದಲ ಕರೆಂಟ್ ಹೋಗುವುದೇ ಈ ಬಲ್ಬಿನ ಮೂಲಕ. ಅದಿಲ್ಲದಿದ್ದರೆ ಎಷ್ಟೋ ಗಾಡಿಗಳಲ್ಲಿ ಜೋರಾಗಿ ರೇಸ್ ಮಾಡುವ ತನಕ ಚಾರ್ಜಿಂಗ್ ಶುರುವಾಗುವುದೇ ಇಲ್ಲ.

ನನ್ನ ಗಾಡಿಯಲ್ಲಿ ಇದ್ದದ್ದು ಮೂರನೇ ತರಹ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಆ ಲೈಟ್ ಕೆಂಡ ಬೂದಿ ಮುಚ್ಚಿದ ಹಾಗೆ ಮಂಕಾಗಿ ಕಾಣುತ್ತಿತ್ತು. ಹಗಲಲ್ಲಿ ಕಾಣುತ್ತಲೇ ಇರಲಿಲ್ಲ. ಬಲ್ಬ್ ಹಳೇದಾಗಿದೆ ಬಿಡಿ ಅಂದರು ಮೆಕ್ಯಾನಿಕ್, ನಾನೂ ಬಿಟ್ಟೆ. ಮಂಕಾಗಿ ಉರಿಯುವುದಕ್ಕೆ ಎರಡು ಕಾರಣ ಜಾಸ್ತಿ. ಒಂದು, ಆಲ್ಟರ್ನೇಟರ್ ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಹೋಗಿರುವುದು. ಎರಡು, ಆಲ್ಟರ್ನೇಟರ್ ಕೊಡುತ್ತಿದ್ದರೂ ಬ್ಯಾಟರಿಗೆ ಪೂರ್ತಿ ತಲುಪದಿರುವುದು.

ಅದನ್ನು ಹಿಡಿಯುವ ಟೆಸ್ಟ್ ಸುಲಭ. ಮೊದಲು ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿದೆಯಾ ನೋಡಿ, ಆಂಪ್ಸ್‌ನಲ್ಲಿ ಇರಬಾರದು. ಎಂಜಿನ್ ಓಡಲಿ, ಹೆಡ್‌ಲೈಟ್, ಬ್ಲೋವರ್ ಎಲ್ಲಾ ಹಾಕಿ. ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ಬೋಲ್ಟ್ ಮೇಲೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಇಡಿ. ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. 0.2 ವೋಲ್ಟ್ ಆಸುಪಾಸು ಬಂದರೆ ಚಿಂತೆ ಇಲ್ಲ. ಅರ್ಧ ವೋಲ್ಟ್ ದಾಟಿದರೆ ನಡುವೆ ಎಲ್ಲೋ ವೋಲ್ಟೇಜ್ ಸೋಲುತ್ತಿದೆ, ಇದನ್ನೇ ಡ್ರಾಪ್ ಅನ್ನುವುದು. ಆಮೇಲೆ ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ಮೈನಸ್ ಕಂಬಕ್ಕೂ ಹೀಗೇ ಅಳೆಯಿರಿ, ಅಲ್ಲೂ 0.2ಕ್ಕಿಂತ ಕಡಿಮೆ ಇರಬೇಕು. ಹಳೇ ಗಾಡಿಯಲ್ಲಿ ಎಂಜಿನ್ ಅರ್ತ್ ಪಟ್ಟಿ ತುಕ್ಕು ಹಿಡಿದು ಕೈಕೊಡುವುದು ಮಾಮೂಲಿ. ಫ್ಯಾನ್, ಬೆಲ್ಟ್ ತಿರುಗುತ್ತಿರುತ್ತದೆ, ಅಂಗಿ ತೋಳು ಮಡಚಿಕೊಂಡೇ ಕೈ ಹಾಕಿ.

ನನಗೆ ಪ್ಲಸ್ ಕಡೆ ಬಂದದ್ದು 1.7 ವೋಲ್ಟ್. ವೈರು ಹಿಡಿದು ಸ್ವಲ್ಪ ಬಗ್ಗಿಸಿದೆ, 0.1ಕ್ಕೆ ಇಳಿಯಿತು. ಬಿಟ್ಟೆ, ಮತ್ತೆ ಏರಿತು. ಎಂಜಿನ್ ನಿಲ್ಲಿಸಿ, ಬ್ಯಾಟರಿ ಮೈನಸ್ ತೆಗೆದು, ಆ ವೈರಿನ ತುದಿಯ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಬಿಚ್ಚಿ ನೋಡಿದರೆ ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಮೇಲಿನ ರಬ್ಬರನ್ನು ಸೀಳಿ ನೋಡಿದೆ. ಒಳಗೆ ಹಸಿರು ಪುಡಿ. ಎಳೆಗಳಲ್ಲಿ ಮುಕ್ಕಾಲು ಪಾಲು ಲಗ್‌ನ ಕತ್ತಿನಲ್ಲೇ ತುಂಡಾಗಿದ್ದವು, ಉಳಿದ ನಾಲ್ಕಾರು ಎಳೆ ಎಂಜಿನ್ ನಡುಗಿದಂತೆಲ್ಲ ಮುಟ್ಟಿ ಬಿಟ್ಟು ಮಾಡುತ್ತಿದ್ದವು. ತಾಮ್ರ ಕೆಂಪಗೆ ಕಾಣುವ ತನಕ ವೈರು ಕತ್ತರಿಸಿ, ಹೊಸ ಲಗ್ ಒತ್ತಿಸಿದೆ. ಮಂಕು ದೀಪ ಅವತ್ತೇ ಹೋಯಿತು. ಬದಲಾಯಿಸಿದ ಹಳೇ ಆಲ್ಟರ್ನೇಟರ್ ಮಾತ್ರ ಇವತ್ತಿಗೂ ಶೆಡ್ಡಿನಲ್ಲಿ ನನ್ನನ್ನು ಅಣಕಿಸುತ್ತಾ ಬಿದ್ದಿದೆ.

ನಿಮ್ಮದೂ ಇದೇ ಅಂತ ಹೇಳುತ್ತಿಲ್ಲ. ಎರಡೂ ಕಡೆ ಡ್ರಾಪ್ ಇಲ್ಲದಿದ್ದರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಬಹುದು. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಬ್ಯಾಟರಿ ಮೇಲೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಡಯೋಡ್ ಹೋಗಿರಬಹುದು, ರಾತ್ರಿ ನಿಲ್ಲಿಸಿದಾಗ ಬ್ಯಾಟರಿ ಇಳಿಯುವುದಕ್ಕೂ ಅದೇ ಕಾರಣ ಇರಬಹುದು. ಆಲ್ಟರ್ನೇಟರ್ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದರೂ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಟೆಸ್ಟ್ ಬೆಂಚಿನ ಮೇಲೆ ತಣ್ಣಗಿರುವಾಗ ಐದು ನಿಮಿಷ ತಿರುಗಿಸಿ ನೋಡಿದರೆ ಇದು ಸಿಗದೇ ಹೋಗಬಹುದು.

ಒಂದು ಮಾತ್ರ ಮಾಡಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ಆಫ್ ಆಗುತ್ತಾ ನೋಡೋಣ ಅನ್ನುವವರು ಇನ್ನೂ ಇದ್ದಾರೆ. ಡೈನಮೋ ಕಾಲದ ಅಭ್ಯಾಸ ಅದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಕಿತ್ತರೆ ವೋಲ್ಟೇಜ್ ಒಮ್ಮೆಲೇ ನೆಗೆದು ಡಯೋಡ್, ರೆಗ್ಯುಲೇಟರ್ ಸುಡಬಹುದು. ಅದೂ ಅಲ್ಲದೆ ಡೀಸೆಲ್ ಎಂಜಿನ್ ಆಫ್ ಆಗದೇ ಓಡುತ್ತಲೇ ಇದ್ದರೂ ಅದರಿಂದ ಏನೂ ಗೊತ್ತಾಗುವುದಿಲ್ಲ.

ಪ್ಲಸ್ ಕಡೆ, ಮೈನಸ್ ಕಡೆ ಡ್ರಾಪ್ ಎಷ್ಟು ಬಂತು, ರಾತ್ರಿ ಬ್ಯಾಟರಿ ಲೈಟ್ ಹೇಗಿರುತ್ತದೆ, ಇಷ್ಟು ನೋಡಿ ಕಾಮೆಂಟ್‌ನಲ್ಲಿ ಹಾಕಿ. ಅದರ ಮೇಲೆ ಮುಂದೆ ಏನು ಬಿಚ್ಚಬೇಕು ಅಂತ ಹೇಳುತ್ತೇನೆ.