ಓದುಗರ ಪ್ರಶ್ನೆ: ಸರ್ವರ್ ಡೇಟಾ ತಿಂಗಳಿಗೆ ಮುಂಚೆಯೇ ಖಾಲಿ

ಪ್ರಶ್ನೆ: ನಮ್ಮದು ಇಳಕಲ್‌ನಲ್ಲಿ ಸೀರೆ ಅಂಗಡಿ. ಬಾಡಿಗೆ ವಿಪಿಎಸ್‌ನಲ್ಲಿ (ದೊಡ್ಡ ಸರ್ವರ್‌ನ ಒಂದು ಪಾಲು) ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕಿ ವೆಬ್‌ಸೈಟ್ ನಡೆಸುತ್ತೇವೆ. ತಿಂಗಳಿಗೆ ಸಿಗುವ 1 ಟಿಬಿ ಡೇಟಾ ಈ ಸಲ 18ನೇ ತಾರೀಖಿಗೇ ಮುಗಿದಿದೆ. ಆರ್ಡರ್ ಮಾತ್ರ ಹೆಚ್ಚಿಲ್ಲ. ದೊಡ್ಡ ಪ್ಲಾನ್ ತಗೊಳ್ಳಬೇಕೇ?
– ಬಾಗಲಕೋಟೆ ಜಿಲ್ಲೆಯ ಓದುಗರು

ಉತ್ತರ: ಈಗಲೇ ಬೇಡ. ಡೇಟಾ ಎಳೆಯುತ್ತಿರುವವರು ಯಾರೆಂದು ತಿಳಿಯದೆ ಪ್ಲಾನ್ ಏರಿಸಿದರೆ ಅದೂ ಹಾಗೇ ಖಾಲಿಯಾಗುತ್ತದೆ. ಮೊದಲು ಆಕ್ಸೆಸ್ ಲಾಗ್ (ಯಾರು ಯಾವ ಫೈಲ್ ಕೇಳಿದರೆಂದು ಸರ್ವರ್ ಬರೆದಿಡುವ ದಾಖಲೆ) ನೋಡಿ. ಕಂಬೈನ್ಡ್ ಎಂಬ ಸಾಮಾನ್ಯ ಲಾಗ್ ಮಾದರಿಯಲ್ಲಿ 1ನೇ ಅಂಕಣ ಐಪಿ (ಕೇಳಿದವರ ಇಂಟರ್ನೆಟ್ ವಿಳಾಸ), 7ನೆಯದು ಕೇಳಿದ ಫೈಲ್, 10ನೆಯದು ಕಳಿಸಿದ ಬೈಟ್. ಈ ಬೈಟ್‌ಗಳನ್ನು ಒಮ್ಮೆ ಐಪಿವಾರು, ಇನ್ನೊಮ್ಮೆ ಫೈಲ್‌ವಾರು ಕೂಡಿಸಿದರೆ ಕಾರಣ ಬಹುತೇಕ ಅಲ್ಲೇ ಸಿಗುತ್ತದೆ.

ಹೆಚ್ಚು ಬೈಟ್ ಎಳೆದ ಸಾಲುಗಳಲ್ಲಿ ಸೆರಗಿನ ಫೋಟೋಗಳೇ ಇದ್ದರೆ ಗಾತ್ರ ನೋಡಿ. 8 ಎಂಬಿ ಫೋಟೋ ಸಾವಿರ ಸಲ ತೆರೆದರೆ 8 ಜಿಬಿ ಹೋಯಿತು. ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿ 300 ಕೆಬಿ ಒಳಗೆ ತನ್ನಿ. ಲಾಗ್‌ನ ರೆಫರರ್‌ನಲ್ಲಿ (ಕೋರಿಕೆ ಯಾವ ಪುಟದಿಂದ ಬಂತೆಂಬ ವಿವರ) ಬೇರೆ ಸೈಟ್‌ಗಳ ಹೆಸರಿದ್ದರೆ ಅವರು ನಿಮ್ಮ ಫೋಟೋವನ್ನು ನಿಮ್ಮ ಖರ್ಚಿನಲ್ಲೇ ತೋರಿಸುತ್ತಿದ್ದಾರೆ. ಅವರನ್ನು ತಡೆಯಿರಿ, ಆದರೆ ರೆಫರರ್ ಖಾಲಿ ಇರುವ ಕೋರಿಕೆಗಳನ್ನು ತಡೆಯಬೇಡಿ. ಇಲ್ಲವಾದರೆ ಕೆಲವು ಗ್ರಾಹಕರಿಗೂ ಚಿತ್ರ ಕಾಣುವುದಿಲ್ಲ.

ಆ ಸಾಲುಗಳಲ್ಲಿ ಜಿಪ್ ಅಥವಾ ಎಸ್‌ಕ್ಯೂಎಲ್ (ಡೇಟಾಬೇಸ್) ಬ್ಯಾಕಪ್ ಕಂಡರೆ ವಿಷಯವೇ ಬೇರೆ. ಗ್ರಾಹಕರ ವಿಳಾಸ, ಫೋನ್ ನಂಬರ್ ಹೊರಹೋಗಿವೆ ಎಂದೇ ತಿಳಿಯಿರಿ. ಫೈಲನ್ನು ವೆಬ್ ಫೋಲ್ಡರಿನಿಂದ ಹೊರಗಿಡಿ, ಡೇಟಾಬೇಸ್ ಮತ್ತು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಲಾಗ್ ಅಳಿಸಬೇಡಿ. ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಆದೇಶದಂತೆ, ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು; ಲಾಗ್‌ಗಳನ್ನು 180 ದಿನ ಇಟ್ಟಿರಬೇಕು.

ಬಾಟ್‌ಗಳ (ತಾವಾಗಿಯೇ ಪುಟ ಎಳೆಯುವ ಪ್ರೋಗ್ರಾಂಗಳ) ಕಾಟವಾದರೆ ಎನ್‌ಜಿನ್‌ಎಕ್ಸ್‌ನಲ್ಲಿ ಕೋರಿಕೆಗಳಿಗೆ ಮಿತಿ ಹಾಕುವ ಲಿಮಿಟ್-ರೆಕ್ (limit_req) ಹಾಕಿ: ಪ್ರತಿ ಐಪಿಗೆ ಸೆಕೆಂಡಿಗೆ 5 ಕೋರಿಕೆ, ಬರ್ಸ್ಟ್ (ಒಮ್ಮೆಲೇ ಬಂದರೆ ತಾಳಿಕೊಳ್ಳುವ ಹೆಚ್ಚುವರಿ) 20, ಮೀರಿದವರಿಗೆ 429 (‘ಕೋರಿಕೆ ಅತಿಯಾಯಿತು’ ಎಂಬ ಉತ್ತರ). ಇದು ಲಾಗಿನ್, ಸರ್ಚ್ ಪುಟಗಳಿಗಷ್ಟೇ ಇರಲಿ. ಒಂದು ಪುಟ ತೆರೆದರೆ ನಲವತ್ತು ಫೋಟೋ ಒಟ್ಟಿಗೆ ಬರುತ್ತವೆ. ಚಿತ್ರಗಳಿಗೂ ಈ ಮಿತಿ ಹಾಕಿದರೆ ಗ್ರಾಹಕರೇ ಹೊರಗುಳಿಯುತ್ತಾರೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ನೂರಾರು ಜನ ಒಂದೇ ಐಪಿಯ ಹಿಂದಿರುತ್ತಾರೆ ಎಂಬುದೂ ನೆನಪಿರಲಿ. ಸಿಡಿಎನ್ (ನಿಮ್ಮ ಸರ್ವರ್ ಮುಂದೆ ನಿಂತು ಗ್ರಾಹಕರಿಗೆ ಫೈಲ್ ಹಂಚುವ ಸೇವೆ) ಇದ್ದರೆ, ಗ್ರಾಹಕರ ನಿಜವಾದ ಐಪಿ ತೋರಿಸುವ ರಿಯಲ್-ಐಪಿ ಮಾಡ್ಯೂಲ್ ಹೊಂದಿಸದೆ ಈ ಮಿತಿ ಹಾಕಲೇಬೇಡಿ. ಇಲ್ಲವಾದರೆ ಸಿಡಿಎನ್ನಿನ ಐಪಿಗಳಿಗೇ ಅದು ಬೀಳುತ್ತದೆ.

ಹೊರಗಿನಿಂದ ನುಗ್ಗುವ ಡೇಟಾ ಪ್ರವಾಹ ಲೈನನ್ನೇ ತುಂಬಿಸಿದರೆ ಇವ್ಯಾವೂ ಕೆಲಸಕ್ಕೆ ಬರುವುದಿಲ್ಲ. ಆಗ ಸಿಡಿಎನ್ ಬೇಕೇ ಬೇಕು. ಫೈರ್‌ವಾಲ್‌ನಲ್ಲಿ 80, 443 ಪೋರ್ಟ್‌ಗಳನ್ನು (ವೆಬ್‌ಸೈಟಿನ ಬಾಗಿಲುಗಳು) ಸಿಡಿಎನ್ ವಿಳಾಸಗಳಿಗೆ ಮಾತ್ರ ತೆರೆದು, ದಾಳಿಕೋರರಿಗೆ ಈಗಾಗಲೇ ಗೊತ್ತಿರುವ ಸರ್ವರ್‌ನ ಹಳೆಯ ಐಪಿಯನ್ನೂ ಬದಲಿಸಿ.

1 ಟಿಬಿ ಎಂದರೆ ದಿನಕ್ಕೆ ಸುಮಾರು 33 ಜಿಬಿ. ಡೇಟಾ ಬಳಕೆ ಎಣಿಸುವ ವಿಎನ್‌ಸ್ಟಾಟ್ ಹಾಕಿ, ದಿನದ ಲೆಕ್ಕ 40 ಜಿಬಿ ದಾಟಿದರೆ ಅದೇ ದಿನ ಮೇಲ್ ಬರುವಂತೆ ಮಾಡಿಕೊಳ್ಳಿ.